ಮೈಗೆ ಆಗದ ಶೇಂಗಾ

ಹೊಸಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹುಲುಗಮ್ಮ ಯಾವ ಕೆಲಸಕ್ಕೂ ಹಿಂದೇಟು ಹಾಕುವವಳಲ್ಲ. ಅನ್ನ ಬಸಿಯುತ್ತಾಳೆ, ಸಾರಿಗೆ ಒಗ್ಗರಣೆ ಕೊಡುತ್ತಾಳೆ, ಇಬ್ಬರು ಹಿಡಿಯಬೇಕಾದ ಪಾತ್ರೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಾಳೆ. ಆದರೆ ಈಚೆಗೆ ಬೇಯಿಸಿದ ಮೊಟ್ಟೆಯ ಬುಟ್ಟಿ ಮುಂದೆ ಬಂದರೆ ಸಾಕು, ಅದನ್ನು ಜೊತೆಗಾರ್ತಿ ಅಕ್ತರಬಿಯ ಕಡೆ ತಳ್ಳಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ನಲ್ಲಿಯ ಹತ್ತಿರ ಹೋಗಿಬಿಡುತ್ತಾಳೆ.

“ಯಾಕ ಹುಲುಗಕ್ಕಾ, ಕೋಳಿ ಏನ್ ನಿನ್ನ ಬೀಗರೇನು? ಅದರ ಮೊಟ್ಟಿ ಕಂಡ್ರ ಸೆರಗು ಹೊದ್ದುಕೊಂಡು ಓಡ್ತಿ?” ಎಂದು ಅಕ್ತರಬಿ ಕೆಣಕಿದಳು.

“ನೀ ಸುಲಿ ನಮ್ಮವ್ವಾ. ನಿನ್ನ ಉಗುರು ಚಲೋ ಅದಾವ.”

“ಉಗುರು ನೋಡಿ ಕೆಲ್ಸ ಹಂಚಾಕ ನೀ ಏನ್ ಹೆಡ್‌ಮೇಷ್ಟ್ರ? ಸುಲಿಯಾಕ ನಾನು, ಹುಡುಗ್ರ ಕೈಯಾಗ ಇಟ್ಟು ಒಳ್ಳೇಕಿ ಅನ್ನಿಸ್ಕೊಳ್ಳಾಕ ನೀನು, ಹೌದಿಲ್ಲೋ?”

“ಹಂಚೋದೂ ನೀನ ಹಂಚು” ಎಂದಳು ಹುಲುಗಮ್ಮ. ಅಕ್ತರಬಿಯ ನಗು ಅರ್ಧಕ್ಕೇ ನಿಂತಿತು. ಮೂರು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು ಹೊಗೆ ಕುಡಿದವರು. ಇಂಥ ಸಪ್ಪೆ ದನಿಯನ್ನು ಅವಳು ಕೇಳಿರಲಿಲ್ಲ.

ಕಾರಣ ಹುಲುಗಮ್ಮನೊಬ್ಬಳಿಗೇ ಗೊತ್ತಿತ್ತು. ಅವಳ ಹಿರಿಯ ಮಗಳು ಸುಮಂಗಲಾ ಪೊಲೀಸ್ ಪರೀಕ್ಷೆಯಲ್ಲಿ ಪಾಸಾಗಿ, ಮೈದಾನದಲ್ಲಿ ಎತ್ತರ ಅಳೆಯುವಾಗ ಫೇಲಾಗಿ ಬಂದಿದ್ದಳು. ಒಂದು ಬೆರಳು ಕಡಿಮೆ. ಆ ಒಂದು ಬೆರಳು ಎಲ್ಲಿ ಹೋಯಿತು ಎಂಬುದು ಹುಲುಗಮ್ಮನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವಳು ನಂಬಿದ್ದಳು.

*

ಹುಲುಗಮ್ಮ ಹುಟ್ಟಿದ್ದು ಕೂಡ್ಲಿಗಿ ಕಡೆಯದೇ ಒಂದು ಸಣ್ಣ ಹಳ್ಳಿಯಲ್ಲಿ. ಅವಳ ತಾಯಿ ಎಂಟು ಹೆತ್ತು ಐವರನ್ನು ಉಳಿಸಿಕೊಂಡಿದ್ದಳು. ಜೋಳದ ಹಿಟ್ಟಿಗೆ ನೀರು ಜಾಸ್ತಿ ಹಾಕಿ ಕುದಿಸಿದ ಅಂಬಲಿಯೇ ಊಟ. ರೊಟ್ಟಿ ಎಂದರೆ ಕೂಲಿಗೆ ಹೋಗುವವರಿಗೆ. ಕಟ್ಟೆಯ ಮೇಲೆ ಕೂತ ಹಿರಿಯರು ಒಂದೇ ಮಾತು ಆಡುತ್ತಿದ್ದರು: ಭೂಮಿ ಇದ್ದಷ್ಟೇ ಐತಿ, ಉಣ್ಣೋ ಬಾಯಿ ವರ್ಷ ವರ್ಷ ಹೆಚ್ಚಾಗ್ತಾವ, ಮುಂದಿನ ಹುಡುಗ್ರು ಮಣ್ಣು ತಿಂತಾವ. ಹುಲುಗಮ್ಮನೂ ಅದನ್ನು ನಂಬಿಕೊಂಡೇ ಬೆಳೆದಳು. ಕಣ್ಣಿಗೆ ಕಾಣುವ ಲೆಕ್ಕವೇ ಹಾಗಿತ್ತು.

ಲೆಕ್ಕ ಹೇಗೆ ತಲೆಕೆಳಗಾಯಿತೋ ಅವಳಿಗೆ ಈಗಲೂ ತಿಳಿಯುವುದಿಲ್ಲ. ಜನ ಹೆಚ್ಚಾದರು, ಅದಂತೂ ನಿಜ. ಅವಳು ಮದುವೆಯಾಗಿ ಬಂದಾಗ ಹೊಸಹಳ್ಳಿಯ ಕಾಲೊನಿಯ ಕೊನೆಯ ಮನೆ ಬೇವಿನ ಮರದ ಹತ್ತಿರವಿತ್ತು. ಈಗ ಆ ಮರ ಓಣಿಯ ನಡುವೆ ನಿಂತಿದೆ. ಆದರೆ ಮಣ್ಣು ತಿಂದವರು ಯಾರೂ ಇಲ್ಲ. ಓಣಿಯ ಜಂಬಣ್ಣನಿಗೆ ಆರನೆಯ ಮಗ ಹುಟ್ಟಿದಾಗ “ಇದೊಂದು ಯಾಕ ಬೇಕಿತ್ತು” ಎಂದು ಊರೆಲ್ಲ ಆಡಿಕೊಂಡಿತ್ತು. ಈಗ ಸುತ್ತಲಿನ ಹೊಲಗಳಲ್ಲಿ ಯಾವ ಬೋರ್‌ವೆಲ್ ಕೆಟ್ಟರೂ ಆ ಆರನೆಯವನೇ ಬಂದು ಮೋಟಾರು ಎತ್ತಬೇಕು. ಅಕ್ತರಬಿಯ ಮಗ ನಯಾಜ ಮೊಪೆಡ್ಡಿನ ಹಿಂದೆ ಮೊಟ್ಟೆಯ ಟ್ರೇಗಳನ್ನು ಗೋಪುರದಂತೆ ಕಟ್ಟಿಕೊಂಡು ಊರೂರು ತಿರುಗುತ್ತಾನೆ. ಮೆಕ್ಕೆಜೋಳದ ರಾಶಿ ರಸ್ತೆಯ ಮೇಲೇ ಒಣಗುತ್ತದೆ. ರೇಷನ್ ಅಕ್ಕಿಯನ್ನು ಉಂಡು ಮಿಕ್ಕಿದ್ದು ದೋಸೆಯಾಗುತ್ತದೆ, ಇನ್ನೂ ಮಿಕ್ಕಿದ್ದು ಕೋಳಿಗಾಗುತ್ತದೆ. ಬಾಳೆಹಣ್ಣನ್ನು ಜ್ವರ ಬಂದವರಿಗೆ ಮಾತ್ರ ತರುತ್ತಿದ್ದ ಕಾಲವೊಂದಿತ್ತು ಎಂದರೆ ಶಾಲೆಯ ಹುಡುಗರು ನಗುತ್ತಾರೆ.

ಹೊಟ್ಟೆಗಿಲ್ಲದ ಕಾಲದಲ್ಲಿ ಹುಟ್ಟಿದವಳು ಉಣ್ಣಲು ಇರುವ ಕಾಲಕ್ಕೆ ತಾಯಿಯಾದಳು. ಹಸಿವು ಅವಳ ಮನೆಗೆ ತಾನಾಗಿ ಬರಲಿಲ್ಲ. ಅವಳೇ ಕರೆದು ತಂದಳು.

ಹುಲುಗಮ್ಮ ಶಾಲೆ ಬಿಟ್ಟದ್ದು ಆರನೆಯ ತರಗತಿಯಲ್ಲಿ. ಮೈನೆರೆದಳು, ಚೀಲ ಗೂಟಕ್ಕೆ ಏರಿತು, ಮರುವರ್ಷ ಎರ್ರೆಪ್ಪನ ಜೊತೆ ಮದುವೆ. ಎರ್ರೆಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಗಿಡ್ಡನೆಯ, ಗಟ್ಟಿಮುಟ್ಟಾದ, ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ನಡೆಯುತ್ತಿದ್ದುದು ಅವನ ತಾಯಿಯ ಮಾತು. ಸುಮಂಗಲಾ ನಾಲ್ಕನೆಯ ತರಗತಿಯಲ್ಲಿದ್ದಾಗಲೇ ಅಜ್ಜಿ ತನ್ನ ತಮ್ಮನ ಮಗನಿಗೆ ಅವಳನ್ನು ಗೊತ್ತುಮಾಡಿದ್ದಳು. ಹುಲುಗಮ್ಮ ಅತ್ತೆಯ ಕಾಲು ಒತ್ತುತ್ತ, ಹುಡುಗಿ ಓದಿನಲ್ಲಿ ಚುರುಕಿದ್ದಾಳೆ, ಮೇಷ್ಟ್ರು ಹೊಗಳುತ್ತಾರೆ ಎಂದು ಮೆಲ್ಲಗೆ ತೆಗೆದಳು.

“ಓದ್ಲಿ, ಯಾರು ಬ್ಯಾಡಂದ್ರು?” ಎಂದಳು ಅತ್ತೆ. “ದೊಡ್ಡಾಕಿ ಆಗೋತನ ಓದ್ಲಿ. ಆಮ್ಯಾಲೆ ಒಂದಿನನೂ ಇಲ್ಲ.”

ಬೇರೆ ಯಾರಾದರೂ ಆ ಮಾತಿಗೆ ಜಗಳ ತೆಗೆಯುತ್ತಿದ್ದರೇನೋ. ಹುಲುಗಮ್ಮ ಅದನ್ನು ಕರಾರಿನಂತೆ ತೆಗೆದುಕೊಂಡಳು. ಮಗಳು ಮೈನೆರೆಯುವುದನ್ನು ಎಷ್ಟು ಮುಂದೂಡಬಹುದೋ ಅಷ್ಟು ಓದು. ಮುಂದೂಡುವ ದಾರಿ ಓಣಿಯ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಶೇಂಗಾ, ಎಳ್ಳು, ಬೆಲ್ಲ, ಮೊಟ್ಟೆ, ಇವೆಲ್ಲ ಉಷ್ಣದ ಪದಾರ್ಥ. ತಿಂದ ಹುಡುಗಿ ಬೇಗ ಮೈನೆರೆಯುತ್ತಾಳೆ. ತಿನ್ನದವಳು ತಡ.

ಆಗ ಹುಲುಗಮ್ಮ ಕೂಡ್ಲಿಗಿಯ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಡೆದ ಕಾಳನ್ನು ಕೆಲಸದವರಿಗೆ ಕೊಡುತ್ತಿದ್ದರು. ಮನೆಯ ಮೂಲೆಯಲ್ಲಿ ಶೇಂಗಾದ ಚೀಲ ಸದಾ ತುಂಬಿರುತ್ತಿತ್ತು. ಎರ್ರೆಪ್ಪ ತಿನ್ನುತ್ತಿದ್ದ, ಅವನ ತಮ್ಮ ತಿಪ್ಪೇಶ ತಿನ್ನುತ್ತಿದ್ದ, ಬಂದ ನೆಂಟರು ಬೊಗಸೆ ತುಂಬ ಒಯ್ಯುತ್ತಿದ್ದರು. ಸುಮಂಗಲಾ ಕೈ ಚಾಚಿದರೆ ಹುಲುಗಮ್ಮ ಮೆಲ್ಲಗೆ ಕೈ ಹಿಡಿಯುತ್ತಿದ್ದಳು.

ಎಷ್ಟು ದಿನ ಹಾಗೆ ಹಿಡಿಯಲಾದೀತು? ಒಂದು ಬೇಸಿಗೆಯಲ್ಲಿ ಹುಡುಗಿ ಕದ್ದು ಒಂದು ಹಿಡಿ ತಿಂದಳು. ಮರುದಿನ ಕುತ್ತಿಗೆಯ ಸುತ್ತ ಬೆವರುಗುಳ್ಳೆ ಎದ್ದವು. ಆ ಬೇಸಿಗೆಯಲ್ಲಿ ಊರಿನ ಎಲ್ಲ ಮಕ್ಕಳಿಗೂ ಎದ್ದಿದ್ದವು. ಹುಲುಗಮ್ಮ ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು.

“ನೋಡಿದ್ಯಾ? ನಿನ್ನ ಮೈಗೆ ಶೇಂಗಾ ಆಗಿಬರಂಗಿಲ್ಲ. ಮೊಟ್ಟಿನೂ ಅಷ್ಟ. ಹುಟ್ಟಿದಾಗಿಂದ ಹಂಗ ಐತಿ. ಇನ್ನೊಮ್ಮಿ ತಿಂದ್ರ ಮೈಯೆಲ್ಲಾ ಒಡೀತೈತಿ.”

ಸುಮಂಗಲಾ ಮಾತು ಕೇಳುವ ಹುಡುಗಿ. ಆಮೇಲೆ ಅವಳು ಕೈ ಚಾಚಲಿಲ್ಲ. ಯಾರಾದರೂ ಕೊಟ್ಟರೆ ತಾನೇ ಹೇಳುತ್ತಿದ್ದಳು, “ಬ್ಯಾಡ್ರಿ, ನನ್ನ ಮೈಗೆ ಆಗಂಗಿಲ್ಲ.” ಬಾಯಿಗೇ ಬೀಗ ಹಾಕಿದಂತಾಯಿತು, ಕಾವಲು ಕಾಯುವ ಕಷ್ಟ ತಪ್ಪಿತು ಎಂದು ಹುಲುಗಮ್ಮ ಸಮಾಧಾನಪಟ್ಟಳು.

ಉಪಾಯ ಫಲಿಸಿತು ಎಂದೇ ಹೇಳಬೇಕು. ಓರಗೆಯ ಹುಡುಗಿಯರು ಒಬ್ಬೊಬ್ಬರಾಗಿ ಚೀಲ ಇಳಿಸಿದರೂ ಸುಮಂಗಲಾ ಕಡ್ಡಿಯಂತೆ ಓಡಾಡಿಕೊಂಡು ಎಸ್‌ಎಸ್‌ಎಲ್‌ಸಿ ಬರೆದಳು. ದೊಡ್ಡಾಕಿ ಆದದ್ದು ಪರೀಕ್ಷೆ ಮುಗಿದ ಮೇಲೆ. ಫಲಿತಾಂಶ ಬರುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು, ತಮ್ಮನ ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು. ಹಾಸ್ಟೆಲ್ಲಿನಲ್ಲಿದ್ದುಕೊಂಡು ಹುಡುಗಿ ಬಿ.ಎ. ಮುಗಿಸಿದಳು. ಓಣಿಯಲ್ಲಿ ಮೊದಲ ಪದವಿ ಅವಳದೇ. ಕಾಲೊನಿಯ ಬುದ್ಧ ಪೂರ್ಣಿಮೆಯ ದಿನ ಅವಳಿಗೆ ಶಾಲು ಹೊದಿಸಿದಾಗ ಹುಲುಗಮ್ಮ ಹೆಂಗಸರ ಸಾಲಿನಲ್ಲಿ ಕೂತು, ಇದು ತಾನು ಯಾರಿಗೂ ಹೇಳದೆ ಗೆದ್ದ ಜಗಳ ಎಂದುಕೊಂಡಿದ್ದಳು.

ಕಿರಿಯವಳು ಕ್ರಾಂತಿ ಅಕ್ಕನಿಗಿಂತ ಏಳು ವರ್ಷ ಚಿಕ್ಕವಳು. ಸಂಘದ ಕೆಲಸಕ್ಕೆ ಓಡಾಡುವ ತಿಪ್ಪೇಶ ಹಟ ಹಿಡಿದು ಇಟ್ಟ ಹೆಸರು. ಅವಳ ಪಾಲಿಗೆ ಕರಾರು ಇರಲಿಲ್ಲ, ಬೀಗ ಇರಲಿಲ್ಲ. ಸಿಕ್ಕದ್ದು ತಿಂದಳು, ಶಾಲೆಯಲ್ಲಿ ಹಾಲು ಕುಡಿದಳು, ಮೊಟ್ಟೆ ಕೊಡತೊಡಗಿದ ಮೇಲೆ ಗೆಳತಿಯರದ್ದೂ ಕಸಿದು ನುಂಗಿದಳು. ಮೈನೆರೆದಾಗ ಮೂರು ದಿನ ರಜೆ ಹಾಕಿ, ನಾಲ್ಕನೆಯ ದಿನ ತಾನೇ ಚೀಲ ಹೊತ್ತು ಹೊರಟಳು. ಯಾರೂ ಕೇಳಲಿಲ್ಲ. ಈಗ ಪಿಯುಸಿ. ಒಳಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಾಳೆ.

*

ಪೊಲೀಸ್ ಆಗಬೇಕೆಂಬುದು ಸುಮಂಗಲಾಳ ಬಹಳ ದಿನದ ಆಸೆ. ಕಾರಣ ಕೇಳಿದರೆ ಒಂದೇ ಮಾತು: “ಖಾಕಿ ಹಾಕ್ಕೊಂಡ್ರ ನಮ್ಮನ್ನ ಯಾರೂ ಲೇ ಅನ್ನಂಗಿಲ್ಲ.” ಬೆಳಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಓಡಿದಳು, ಸಂಜೆ ಓದಿದಳು. ಬರೆಯುವ ಪರೀಕ್ಷೆಯಲ್ಲಿ ಹೆಸರು ಮೇಲಕ್ಕೇ ಬಂತು. ಮೈದಾನದಿಂದ ಬಂದವಳು ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದಳು.

“ಒಂದು ಬೆರಳು ಸಾಲಲಿಲ್ಲ” ಎಂದಳು.

“ಉಸಿರು ಹಿಡ್ಕೊಂಡು ನಿಂದರಬೇಕಿತ್ತು” ಎಂದಳು ಕ್ರಾಂತಿ.

“ನಿಂತಿದ್ದೆ ಲೇ.”

“ನಂದು ಕಡ ಒಯ್ದಿದ್ರ ಆಗ್ತಿತ್ತು. ನನಗ ಇಷ್ಟುದ್ದ ತಗೊಂಡು ಏನ್ ಮಾಡಬೇಕೈತಿ?”

ಇಬ್ಬರೂ ನಕ್ಕರು. ಎರ್ರೆಪ್ಪ ಗೋಡೆಗೆ ಒರಗಿ, “ನನ್ನ ರಕ್ತ. ನಾನೂ ಗಿಡ್ಡ ಅದೀನಲ್ಲ” ಎಂದ. ಹುಲುಗಮ್ಮ ಆಗ ಏನೂ ತಿಳಿಯದೆ ಮಗಳ ತಲೆ ಸವರಿದ್ದಳು. ಆಗ ಸವರಿದ ಕೈ ಈಗ ಅವಳಿಗೇ ಸುಡುತ್ತದೆ.

ಯಾಕೆಂದರೆ, ಅದರ ಮರುತಿಂಗಳು ಬಿಸಿಯೂಟದವರಿಗೆಲ್ಲ ಕೂಡ್ಲಿಗಿಯಲ್ಲಿ ತರಬೇತಿ ಇತ್ತು. ಬಂದ ಡಾಕ್ಟರಮ್ಮ ಗೋಡೆಯ ಮೇಲೆ ಚಿತ್ರ ತೋರಿಸಿ, ಮೊಟ್ಟೆ ಶೇಂಗಾ ಬೇಳೆ ಇವೆಲ್ಲ ಬೆಳೆಯುವ ಮಕ್ಕಳಿಗೆ ಎಷ್ಟು ಬೇಕು ಎಂದು ಹೇಳುತ್ತ, “ಬೇಗ ದೊಡ್ಡಾಕಿ ಆಗ್ತಾಳ ಅಂತ ಹೆಣ್ಣುಮಕ್ಕಳಿಗೆ ಇವನ್ನ ಕೊಡದೇ ಇರೋರು ಇನ್ನೂ ಅದಾರ. ಹಂಗ ಮಾಡಿದ್ರ ಆ ಹುಡುಗಿ ಎತ್ತರಾನೇ ಕಳ್ಕೋತಾಳ” ಎಂದರು. ಹೆಂಗಸರು ಗೊಳ್ಳೆಂದು ನಕ್ಕರು. “ನಮ್ಮಜ್ಜಿ ಹಂಗ ಮಾಡ್ತಿದ್ಲು ನೋಡ್ರಿ, ಅದಕ್ಕ ನಾ ಹಿಂಗ ಗಿಡ್ಡಕ ಅದೀನಿ” ಎಂದು ಅಕ್ತರಬಿ ಎದ್ದು ನಿಂತು ತೋರಿಸಿದಳು. ಇನ್ನಷ್ಟು ನಗು.

ಊಟಕ್ಕೆ ಬಿಟ್ಟಾಗ ಹುಲುಗಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ ನಿಂತಳು.

“ನಮ್ಮ ಬಾಜು ಮನಿ ಹುಡುಗಿ ಐತ್ರಿ. ಇಪ್ಪತ್ಮೂರು ದಾಟೈತಿ. ಈಗ ತಿಂದ್ರ ಬೆಳೀತಾಳೇನ್ರಿ?”

“ಇಲ್ಲಮ್ಮ. ಈಗ ಎಷ್ಟು ತಿಂದ್ರೂ ಶಕ್ತಿ ಬರ್ತೈತಿ, ಎತ್ತರ ಬರಂಗಿಲ್ಲ. ಆ ವಯಸ್ಸು ಹೋತು.”

“ಅಪ್ಪ ಗಿಡ್ಡ ಅದಾನ್ರಿ ಆ ಹುಡುಗೀಗೆ.”

“ಅದೂ ಇರಬಹುದು.”

ಆ ‘ಇರಬಹುದು’ ಎಂಬ ಮಾತನ್ನು ಹಿಡಿದುಕೊಂಡು ಹುಲುಗಮ್ಮ ಊರಿಗೆ ಬಂದಳು. ಬಸ್ಸು ಇಳಿದು ಮನೆಯ ಅಂಗಳಕ್ಕೆ ಬರುವವರೆಗೆ ಅದು ಅವಳ ಜೊತೆಗಿತ್ತು. ಒಳಗಿನಿಂದ ಕ್ರಾಂತಿ ತಲೆ ತಗ್ಗಿಸಿ ಬಾಗಿಲು ದಾಟಿ ಬಂದಳು. ಅದೇ ಅಪ್ಪನ ಮಗಳು.

ಅಂದಿನಿಂದಲೇ ಅವಳಿಗೆ ಮೊಟ್ಟೆಯ ಬುಟ್ಟಿ ನೋಡಲಾಗದೆ ಹೋದದ್ದು. ಯಾರ ಯಾರದೋ ಮಕ್ಕಳ ಕೈಯಲ್ಲಿ ಇಡುವಾಗ ತನ್ನ ಬೆರಳು ಹಿಂದಕ್ಕೆ ಎಳೆದಂತಾಗುತ್ತಿತ್ತು.

*

ಹೇಳದೆಯೇ ಇದ್ದುಬಿಡುತ್ತಿದ್ದಳೇನೋ. ಆದರೆ ಸುಮಂಗಲಾ ಸೋಲೊಪ್ಪಲಿಲ್ಲ. ಮುಂದಿನ ಭರ್ತಿಯ ಹೊತ್ತಿಗೆ ಒಂದು ಬೆರಳು ಬೆಳೆದೇ ತೀರುತ್ತೇನೆ ಎಂದು ಹಟ ತೊಟ್ಟಳು. ಓಣಿಯ ನಡುವಿನ ಬೇವಿನ ಮರಕ್ಕೆ ಕಬ್ಬಿಣದ ಸಲಾಕೆ ಕಟ್ಟಿಸಿ, ಬೆಳಗ್ಗೆ ಸಂಜೆ ಜೋತುಬೀಳುತ್ತಿದ್ದಳು. ಫೋನಿನಲ್ಲಿ ನೋಡಿ ಯಾವುದೋ ಪುಡಿ ತರಿಸಿ ಹಾಲಿಗೆ ಹಾಕಿ ಕುಡಿದಳು. ಈ ನಡುವೆ ಉಚ್ಚಂಗಿದುರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಅವಳಿಗೆ ಸಿಕ್ಕಿತು. ಗುತ್ತಿಗೆಯದೇ, ಆದರೆ ಉಳಿಯಲು ಕೋಣೆ, ತಿಂಗಳ ಸಂಬಳ. ಸೋಮವಾರದೊಳಗೆ ಸೇರಬೇಕು, ಇಲ್ಲವಾದರೆ ಬೇರೆಯವರಿಗೆ.

“ನಾ ಹೋಗಂಗಿಲ್ಲ” ಎಂದಳು ಸುಮಂಗಲಾ. “ಅಲ್ಲಿ ಹೋದ್ರ ಪ್ರಾಕ್ಟೀಸು ತಪ್ಪತೈತಿ. ಒಂದು ವರ್ಷ ತಡಿ ಬೇ, ಬೆಳೀತೀನಿ.”

ಎರ್ರೆಪ್ಪ ಹೇಳಿ ನೋಡಿದ. ತಿಪ್ಪೇಶ ಬೈದು ನೋಡಿದ. ಅವಳು ಮರಕ್ಕೆ ಜೋತುಬಿದ್ದಳು. ಒಂದು ವರ್ಷ ಜೋತುಬಿದ್ದು, ಆಮೇಲೆ ಮತ್ತೆ ಆ ಅಳತೆಯ ಕೋಲಿನ ಕೆಳಗೆ ನಿಂತು, ‘ನನ್ನ ಪ್ರಯತ್ನ ಸಾಲಲಿಲ್ಲ’ ಎಂದುಕೊಂಡು ಬರುವ ಮಗಳು ಹುಲುಗಮ್ಮನ ಕಣ್ಣಿಗೆ ಕಟ್ಟಿದಳು. ಹೇಳಿದರೆ ಮಗಳು ಕೈಬಿಟ್ಟು ಹೋಗಬಹುದು. ಹೇಳದಿದ್ದರೆ ಬಂದ ಕೆಲಸವೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಭಾನುವಾರ ಮಧ್ಯಾಹ್ನ, ಓಣಿಯಲ್ಲಿ ಜನ ಇಲ್ಲದ ಹೊತ್ತು, ಅವಳು ಮರದ ಕೆಳಗೆ ಹೋಗಿ ನಿಂತಳು.

“ಇಳಿ ಕೆಳಗ.”

“ಇನ್ನೊಂದೀಟು.”

“ಇಳಿ ಮಗಳೇ. ನೀ ಬೆಳೆಯಂಗಿಲ್ಲ.”

ಸುಮಂಗಲಾ ಜೋತುಬಿದ್ದಂತೆಯೇ ಕೆಳಗೆ ನೋಡಿದಳು. “ನೀ ಯಾವಾಗ ಡಾಕ್ಟ್ರು ಆದಿ?”

“ನಿನ್ನ ಮೈಗೆ ಶೇಂಗಾ ಆಗಂಗಿಲ್ಲ ಅಂದಿದ್ನಲ್ಲ, ಅದು ಸುಳ್ಳು. ಮೊಟ್ಟಿನೂ ಸುಳ್ಳು. ನಿನಗ ಏನೂ ಆಗಿರಲಿಲ್ಲ. ಬೆವರುಗುಳ್ಳಿ ಅವು.”

ಸುಮಂಗಲಾಳ ಕೈ ಸಲಾಕೆ ಬಿಟ್ಟಿತು. ನೆಲಕ್ಕೆ ಬಂದು ಅಲ್ಲೇ ಬೇರಿನ ಮೇಲೆ ಕೂತಳು. ಹುಲುಗಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅತ್ತೆಯ ಮಾತು, ಆರನೆಯ ತರಗತಿಯಲ್ಲಿ ತನ್ನ ಚೀಲ ಗೂಟಕ್ಕೆ ಏರಿದ್ದು, ಉಷ್ಣದ ಪದಾರ್ಥ, ಡಾಕ್ಟರಮ್ಮ. ಹಿಂದುಮುಂದಾಗಿ ಹೇಳಿದಳು.

“ಹಾಸ್ಟೆಲ್‌ನ್ಯಾಗ ವಾರಕ್ಕೆ ಎರಡು ಸಲ ಮೊಟ್ಟಿ ಕೊಡ್ತಿದ್ರು” ಎಂದಳು ಸುಮಂಗಲಾ. “ಐದು ವರ್ಷ. ಎಲ್ಲಾ ನನ್ನ ರೂಮಿನ ಗೆಳತಿ ಅಸ್ಫಿಯಾನ ತಾಟಿಗೆ ಹಾಕೀನಿ. ನೀ ದೇವರಂಥಾಕಿ ಅಂತಿದ್ಲು ಆಕಿ.”

ಹುಲುಗಮ್ಮನಿಗೆ ಇದು ಗೊತ್ತಿರಲಿಲ್ಲ. ತನ್ನ ಸುಳ್ಳು ತನ್ನ ಮನೆಯ ಮೂಲೆಯಲ್ಲಿ ಮುಗಿದಿದೆ ಎಂದುಕೊಂಡಿದ್ದಳು. ಅದು ಮಗಳ ಜೊತೆ ಹಾಸ್ಟೆಲ್ಲಿಗೆ ಹೋಗಿ, ಅವಳ ಜೊತೆ ಉಣ್ಣಲು ಕೂತಿತ್ತು.

“ಮನ್ಯಾಗ ಇರಲಿಲ್ಲಂದ್ರ ಬ್ಯಾರೆ ಮಾತು ಬೇ. ಚೀಲ ಚೀಲ ಇತ್ತು.”

“ಇತ್ತು.”

“ಅಜ್ಜಿ ಜೋಡಿ ಜಗಳ ಆಡಾಕ ಆಗ್ತಿರಲಿಲ್ಲೇನು?”

“ಆಡಬೇಕಿತ್ತು. ಆಕಿ ಜೋಡಿ ಆಡಾಕ ಧೈರ್ಯ ಬರಲಿಲ್ಲ. ನಿನ್ನ ತಾಟಿನ ಜೋಡಿ ಆಡಿದೆ.”

ಸುಮಂಗಲಾ ಅಂಗೈಯ ತುಕ್ಕನ್ನು ಒರೆಸಿಕೊಳ್ಳುತ್ತಿದ್ದಳು. ಒರೆಸಿದಷ್ಟೂ ಅದು ಹರಡುತ್ತಿತ್ತು. “ತಿನ್ನಿಸಿದ್ರ ನಾ ಓದ್ತಿದ್ನಾ? ಇಲ್ಲಾ ಆರನೇತ್ತಿಗೇ ಮದಿವಿ ಆಗ್ತಿದ್ನಾ?”

“ಗೊತ್ತಿಲ್ಲ ಮಗಳೇ.”

“ಗೊತ್ತಿಲ್ಲ ಅನ್ನಬ್ಯಾಡ. ಏನರ ಒಂದು ಹೇಳು. ಬೈಯಾಕರ ಅನುಕೂಲ ಆಗ್ಲಿ, ಸುಮ್ನಿರಾಕರ ಅನುಕೂಲ ಆಗ್ಲಿ.”

ಹುಲುಗಮ್ಮ ಬಾಯಿ ತೆರೆದಳು. ಓದು ಸಿಕ್ಕಿದ್ದು ಅದರಿಂದಲೇ ಎಂದು ಹೇಳಿಬಿಟ್ಟರೆ ತನಗೆ ಹಗುರಾಗುತ್ತಿತ್ತು. ಆದರೆ ಉಂಡು ತಿಂದು ಬೆಳೆದ ಓಣಿಯ ಕೆಲವು ಹುಡುಗಿಯರು ತಡವಾಗಿಯೇ ಮೈನೆರೆದದ್ದು ಅವಳಿಗೆ ನೆನಪಿತ್ತು, ಅಂಬಲಿ ಕುಡಿದು ಬೆಳೆದ ತಾನು ಬೇಗ ಮೈನೆರೆದದ್ದೂ ನೆನಪಿತ್ತು. ಮತ್ತೊಂದು ಸುಳ್ಳಿಗೆ ಅವಳ ನಾಲಿಗೆ ಏಳಲಿಲ್ಲ.

“ಖರೇನ ಗೊತ್ತಿಲ್ಲ” ಎಂದಳು.

ಸುಮಂಗಲಾ ಎದ್ದು, ಬಟ್ಟೆಯ ದೂಳು ಕೊಡವಿಕೊಂಡು ಮನೆಯ ಕಡೆ ಹೋದಳು. ಆ ದಿನ ಅವಳು ತಾಯಿಯ ಜೊತೆ ಮತ್ತೆ ಮಾತಾಡಲಿಲ್ಲ. ಸಂಜೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದುದನ್ನು ಕಂಡು ಕ್ರಾಂತಿ, “ಎಲ್ಲಿಗೆ ಲೇ ಅಕ್ಕಾ?” ಎಂದರೆ, “ಉಚ್ಚಂಗಿದುರ್ಗಕ್ಕ” ಎಂದಳು. ಸೋಮವಾರ ಹರಪನಹಳ್ಳಿಯ ಬಸ್ಸಿಗೆ ಕ್ರಾಂತಿಯೇ ಚೀಲ ಹೊತ್ತು ಹೋದಳು. ಹುಲುಗಮ್ಮ ಅಂಗಳದವರೆಗೆ ಬಂದು ನಿಂತಳು. “ಬರ್ತೀನಿ” ಎಂದು ಸುಮಂಗಲಾ ಅಪ್ಪನಿಗೆ ಹೇಳಿದಳು.

ಆಮೇಲೆ ಫೋನು ಬರುತ್ತಿದ್ದುದು ಕ್ರಾಂತಿಗೆ. ಹುಡುಗಿಯರು ಗಲಾಟೆ ಮಾಡುತ್ತಾರೆ, ನೀರು ಚೆನ್ನಾಗಿದೆ, ಬೆಳಗ್ಗೆ ಗಾಳಿ ಜೋರು, ಇಂಥದ್ದು. ಕ್ರಾಂತಿ ಬಲವಂತವಾಗಿ ಫೋನನ್ನು ತಾಯಿಯ ಕಿವಿಗೆ ಹಿಡಿದರೆ ಹುಲುಗಮ್ಮ “ಬಸ್ಸು ಸಿಗ್ತಾವೇನು?”, “ಮಳಿ ಬಂತೇನು?” ಎಂದು ಕೇಳುತ್ತಿದ್ದಳು. ಎಲ್ಲ ತಾಯಂದಿರೂ ಮೊದಲು ಕೇಳುವ ಮಾತನ್ನು ಮಾತ್ರ ಅವಳು ಕೇಳುತ್ತಿರಲಿಲ್ಲ. ಉಂಡ್ಯಾ ಎಂದು ಕೇಳುವ ಬಾಯಿ ತನಗೆ ಉಳಿದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅತ್ತಲಿಂದ “ಹೂಂ”, “ಇಲ್ಲ” ಎಂಬ ಉತ್ತರ ಬಂದು ಫೋನು ಕ್ರಾಂತಿಯ ಕೈಗೆ ಮರಳುತ್ತಿತ್ತು.

ಶ್ರಾವಣ ಕಳೆದ ಮೇಲೆ ಒಂದು ಸಂಜೆ ಫೋನು ನೇರವಾಗಿ ಹುಲುಗಮ್ಮನಿಗೇ ಬಂತು. ಮನೆಯಲ್ಲಿ ಟಿವಿ ನೋಡುತ್ತಿದ್ದ ಎರ್ರೆಪ್ಪ ಬಿಟ್ಟರೆ ಯಾರೂ ಇರಲಿಲ್ಲ.

“ಮಳಿ ಬಂತೇನು?” ಎಂದಳು ಹುಲುಗಮ್ಮ.

“ಬಂತು.” ಆ ಕಡೆ ತಟ್ಟೆಗಳ ಸದ್ದು, ಹುಡುಗಿಯರ ಕಲಕಲ. ಆಮೇಲೆ ಸುಮಂಗಲಾ ಹೇಳಿದಳು, “ಉಂಡೀನಿ.”

ಕೇಳದ ಪ್ರಶ್ನೆಗೆ ಉತ್ತರ. ಅದು ಸಮಾಧಾನಕ್ಕೆ ಹೇಳಿದ್ದೋ, ಚುಚ್ಚಲು ಹೇಳಿದ್ದೋ, ದನಿಯಲ್ಲಿ ಗೊತ್ತಾಗಲಿಲ್ಲ. ಹುಲುಗಮ್ಮ “ಹೂಂ” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

“ಯಾರದು?” ಎಂದ ಎರ್ರೆಪ್ಪ.

“ಸುಮಂಗಲಾ.”

“ಏನಂತ?”

“ಉಂಡ್ಳಂತ.”

“ಅಷ್ಟಕ್ಕ ಫೋನ್ ಮಾಡಿದ್ಲಾ?” ಎಂದು ಎರ್ರೆಪ್ಪ ಟಿವಿಯ ದನಿ ಹೆಚ್ಚಿಸಿದ.